‘ಒಂದು ಲೆಟರ್ ಕೊಡ್ರಿ ಸಾಕು’: ಚೇಂಬರ್ ಆಫೀಸಿನ ಕೆಲಸ ಕಲಿಸಿದ್ದು

ಉತ್ತರ ಕರ್ನಾಟಕದ ಒಂದು ವಾಣಿಜ್ಯೋದ್ಯಮ ಸಂಸ್ಥೆಯ ಆಫೀಸಿನಲ್ಲಿ ನನ್ನ ಕೆಲಸ. ಊರಿನವರ ಬಾಯಲ್ಲಿ ಅದು ಚೇಂಬರ್. ಅಧ್ಯಕ್ಷರು, ಗೌರವ ಕಾರ್ಯದರ್ಶಿ, ಕಮಿಟಿಯವರು ಎಲ್ಲರೂ ವ್ಯಾಪಾರಸ್ಥರು. ಚುನಾವಣೆಯಲ್ಲಿ ಗೆದ್ದು ಬರುತ್ತಾರೆ, ಅವಧಿ ಮುಗಿದ ಮೇಲೆ ತಮ್ಮ ಅಂಗಡಿಗೋ ಫ್ಯಾಕ್ಟರಿಗೋ ಮರಳುತ್ತಾರೆ. ಫೈಲು, ಪತ್ರ, ಸೀಲು ನಮ್ಮಂಥ ಸಂಬಳದವರ ಪಾಲು.

ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ. ‘ಮೇಡಂ, ಚೇಂಬರ್‌ದು ಒಂದು ಲೆಟರ್ ಕೊಡ್ರಿ ಸಾಕು, ಮುಂದಿಂದು ನಾವು ನೋಡ್ಕೋತೀವಿ.’ ಲೆಟರ್‌ಹೆಡ್ ಮೇಲೆ ಅಧ್ಯಕ್ಷರ ಸಹಿ ಬಿದ್ದರೆ ನೋಟಿಸು ವಾಪಸಾಗುತ್ತದೆ, ಕರೆಂಟ್ ಬಿಲ್ ಇಳಿಯುತ್ತದೆ, ನಿಂತ ದುಡ್ಡು ಬರುತ್ತದೆ ಎಂಬ ನಂಬಿಕೆ. ಅಂಥ ಅಧಿಕಾರ ನಮಗಿಲ್ಲ. ಜರ್ಮನಿಯಲ್ಲಿ ಚೇಂಬರ್ ಕಾನೂನಿನಿಂದಲೇ ಹುಟ್ಟಿದ ಸಂಸ್ಥೆ, ಉದ್ದಿಮೆ ನಡೆಸುವವರು ಕಡ್ಡಾಯವಾಗಿ ಅದರ ಸದಸ್ಯರು. ನಮ್ಮ ದೇಶದಲ್ಲಿ ಸೇರುವುದು, ಬಿಡುವುದು ಅವರವರ ಇಷ್ಟ. ನಮ್ಮ ಪತ್ರ ಒಂದು ಮನವಿ, ಅಷ್ಟೇ. ಅದನ್ನು ಓದಲೇಬೇಕು ಎಂದು ಯಾವ ಅಧಿಕಾರಿಗೂ ಕಟ್ಟಳೆ ಇಲ್ಲ.

ಹಾಗಿದ್ದರೆ ಚೇಂಬರ್ ಯಾಕೆ ಬೇಕು? ನನ್ನ ಅನುಭವದಲ್ಲಿ ಉತ್ತರ ಇಷ್ಟು: ತೊಂದರೆ ಯಾರ ಟೇಬಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು, ಅಲ್ಲಿರುವವರು ಯಾವ ಸಾಲಿಗೆ ‘ಆಗಲಿ’ ಅಥವಾ ‘ಆಗದು’ ಎಂದು ಬರೆಯಬಲ್ಲರು, ಇದನ್ನು ಗೊತ್ತುಮಾಡಿಕೊಡುವುದಕ್ಕೆ. ಕೇಳಲು ಸಪ್ಪೆ. ಆದರೆ ನಮ್ಮಲ್ಲಿ ಕೈಗೂಡಿದ ಕೆಲಸಗಳೆಲ್ಲ ಹೀಗೆ ಆದಂಥವೇ.

ಕರ್ನಾಟಕದ ಚೇಂಬರ್‌ಗಳು ಹುಟ್ಟಿದ್ದೂ ಬೇರೆ ಬೇರೆ ಟೇಬಲ್ಲುಗಳ ಎದುರಿಗೆ. ಬೆಂಗಳೂರಿನದು 1916ರದ್ದು, ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದ ಮೈಸೂರು ಚೇಂಬರ್. ಈಗ ಅದು ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಅಂದರೆ ಎಫ್‌ಕೆಸಿಸಿಐ. ಹುಬ್ಬಳ್ಳಿಯದು 1928ರದ್ದು, ಆಗ ಹುಬ್ಬಳ್ಳಿ ಮುಂಬೈ ಪ್ರಾಂತ್ಯದಲ್ಲಿತ್ತು. ಮಂಗಳೂರಿನ ಕೆನರಾ ಚೇಂಬರ್ 1940ರದ್ದು, ಆ ಊರು ಮದರಾಸಿನ ಕೆಳಗಿತ್ತು. ಒಂದು ದಿವಾನರ ಜತೆ ಮಾತಾಡಿ ಬೆಳೆಯಿತು, ಒಂದು ಮುಂಬೈಗೆ ಬರೆದು, ಇನ್ನೊಂದು ಮದರಾಸಿಗೆ ಬರೆದು. 1956ರಲ್ಲಿ ರಾಜ್ಯ ಒಂದಾದ ಮೇಲೂ ಮೂರೂ ಉಳಿದವು. ‘ಬೆಂಗಳೂರಲ್ಲಿ ದೊಡ್ಡ ಚೇಂಬರ್ ಇದೆಯಲ್ಲ, ಇಲ್ಲಿ ಬೇರೆ ಯಾಕೆ?’ ಎಂದು ಹೊಸಬರು ಕೇಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ತೇವಾಂಶದ ಜಗಳ ಬೆಂಗಳೂರಿನವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಸೀಸನ್ನೇ ಮುಗಿದಿರುತ್ತದೆ, ಅದಕ್ಕೆ.

ನಮ್ಮ ಸಹಿಗೆ ನಿಜವಾದ ತೂಕ ಇರುವ ಒಂದು ಕಾಗದ ಇದೆ. ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಮಾಲು ಯಾವ ದೇಶದ್ದು ಎನ್ನುವ ದೃಢೀಕರಣ. ಇಂಥದ್ದನ್ನು ವಾಣಿಜ್ಯ ಸಂಸ್ಥೆಗಳು ಕೊಡಬಹುದು ಎನ್ನುವುದು 1923ರ ಜಿನೀವಾ ಒಪ್ಪಂದದಿಂದ ಬಂದ ರೂಢಿ. ನಮ್ಮಲ್ಲಿ ಯಾವ ಯಾವ ಸಂಸ್ಥೆ ಕೊಡಬಹುದು ಎಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಪಟ್ಟಿ ಮಾಡಿದೆ. 2025ರ ಜನವರಿಯಿಂದ ಅರ್ಜಿ, ಸಹಿ ಎಲ್ಲ ಆನ್‌ಲೈನ್. ಮೊದಲು ಕೌಂಟರ್ ಮುಂದೆ ನಿಂತು ‘ಶಿಪ್‌ಮೆಂಟ್ ಹೊರಟಿದೆ, ಬೇಗ ಸೀಲ್ ಹಾಕ್ರಿ’ ಎನ್ನುತ್ತಿದ್ದವರು ಈಗ ಫೋನಿನಲ್ಲಿ ಅದನ್ನೇ ಹೇಳುತ್ತಾರೆ.

ಮೆಣಸಿನಕಾಯಿ ವ್ಯಾಪಾರದ ಮನೆತನದ ಹುಡುಗನೊಬ್ಬ ಮೊದಲ ಸಲ ದುಬೈಗೆ ಮಾಲು ಕಳಿಸಲು ಹೊರಟಿದ್ದ. ಕೊಳ್ಳುವವರು ಒರಿಜಿನ್ ಸರ್ಟಿಫಿಕೇಟ್ ಕೇಳಿದ್ದರು. ಇವನು ನಮ್ಮಲ್ಲಿಗೆ ಬಂದ. ಕಾಗದ ನೋಡಿದರೆ ಇನ್‌ವಾಯ್ಸಿನಲ್ಲಿ ಎಚ್‌ಎಸ್ ಕೋಡ್ (ಸರಕು ಯಾವುದೆಂದು ಕಸ್ಟಮ್ಸ್‌ಗೆ ಹೇಳುವ ಅಂಕಿ) 090421 ಇದೆ, ಪ್ಯಾಕಿಂಗ್ ಲಿಸ್ಟಿನಲ್ಲಿ ಮೆಣಸಿನ ಪುಡಿ ಎಂದಿದೆ. ಆ ಕೋಡ್ ಇಡೀ ಒಣ ಮೆಣಸಿನಕಾಯಿಗೆ, ಪುಡಿಗೆ 090422. ‘ಎರಡೂ ನಮ್ಮ ಬ್ಯಾಡಗಿ ಮೆಣಸಿನಕಾಯೇ ಅಲ್ವಾ ಮೇಡಂ?’ ಎಂದ. ಹೌದು, ಆದರೆ ಆ ಕಡೆಯ ಕಸ್ಟಮ್ಸ್‌ನವರು ಓದುವುದು ಅಂಕಿಯನ್ನು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಈ ಸರ್ಟಿಫಿಕೇಟಿನಲ್ಲಿ ಎರಡು ಬಗೆ. ನಾವು ಕೊಡುವುದು ‘ಮಾಲು ಭಾರತದ್ದು’ ಎಂದು ಹೇಳುತ್ತದೆ, ಸುಂಕದ ರಿಯಾಯಿತಿ ಕೊಡಿಸುವುದಿಲ್ಲ. ರಿಯಾಯಿತಿ ಬೇಕಾದರೆ ಆಯಾ ದೇಶದ ಒಪ್ಪಂದದ ಪ್ರಕಾರ ಬೇರೆ ಸರ್ಟಿಫಿಕೇಟ್ ತೆಗೆಸಬೇಕು. ಯುಎಇ ಜತೆಗಿನ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದನ್ನು ಕೊಡುವುದು ಕೇಂದ್ರ ಗೊತ್ತುಮಾಡಿರುವ ಸಂಸ್ಥೆಗಳು, ಮುಖ್ಯವಾಗಿ ರಫ್ತು ತಪಾಸಣಾ ಏಜೆನ್ಸಿ. ದುಬೈನವರಿಗೆ ಯಾವುದು ಬೇಕು ಎಂದು ಇವನು ಕೇಳಿಯೇ ಇರಲಿಲ್ಲ. ನಮ್ಮ ಕೌಂಟರಿನಿಂದಲೇ ಮೆಸೇಜ್ ಮಾಡಿಸಿದೆ. ಅವರಿಗೆ ರಿಯಾಯಿತಿಯದ್ದೇ ಬೇಕಿತ್ತು. ನಮಗೆ ಬರಬೇಕಿದ್ದ ಶುಲ್ಕ ಹೋಯಿತು, ಬಿಡಿ. ಅವನು ಮಾತ್ರ ಆಮೇಲೆ ಮಸಾಲೆ ಮಂಡಳಿಯ ನೋಂದಣಿಗೂ ನಮ್ಮನ್ನೇ ಕೇಳಿಕೊಂಡು ಬಂದ.

ಇನ್ನು ಮನವಿಪತ್ರಗಳು. ನಮ್ಮ ಆಫೀಸಿನ ಅಲ್ಮೇರಾ ತುಂಬ ಇರುವುದು ಅವೇ. ಮಂತ್ರಿ ಊರಿಗೆ ಬಂದಾಗ ಶಾಲು, ಹಾರ, ಮನವಿ, ಫೋಟೊ. ಮರುದಿನ ಪೇಪರಿನಲ್ಲಿ ಸುದ್ದಿ. ಇದೂ ಬೇಕು, ಬೇಡ ಎನ್ನಲಾರೆ. ಸದಸ್ಯರಿಗೆ ತಮ್ಮ ಸಂಸ್ಥೆ ಜೀವಂತ ಇದೆ ಅನ್ನಿಸುವುದೇ ಇಂಥದ್ದರಿಂದ. ಆದರೆ ಹಾಗೆ ಕೊಟ್ಟ ಮನವಿಗಳಲ್ಲಿ ಮುಂದೆ ಹೋದದ್ದು ಎಷ್ಟು ಎಂದು ಒಂದು ಸಲ ಸುಮ್ನೆ ಫೈಲು ತಿರುವಿ ನೋಡಿದೆ. ಉತ್ತರ ಬಂದಿದ್ದವೆಲ್ಲ ಒಂದೇ ಜಾತಿಯವು. ಯಾವ ನಿಯಮ, ಯಾವ ಸಾಲು, ಏನು ಬದಲಾಗಬೇಕು ಎಂದು ಬರೆದಿದ್ದವು. ‘ವ್ಯಾಪಾರಸ್ಥರಿಗೆ ತುಂಬಾ ತೊಂದರೆಯಾಗುತ್ತಿದ್ದು ಕೂಡಲೇ ಕ್ರಮ ಕೈಗೊಳ್ಳಬೇಕು’ ಎಂಬಂಥವಕ್ಕೆ ಬಂದದ್ದು ‘ಸ್ವೀಕರಿಸಲಾಗಿದೆ’ ಎನ್ನುವ ಮೊಹರು ಮಾತ್ರ.

ಕರೆಂಟಿನ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ದರ ಜಾಸ್ತಿಯಾದಾಗ ಎಲ್ಲರೂ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂ ಆಫೀಸಿನ ಮುಂದೆ ಹೋಗಿ ನಿಲ್ಲುತ್ತಾರೆ. ಹೆಸ್ಕಾಂ ಕೇಳುತ್ತದೆ ಅಷ್ಟೇ, ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಕಂಪನಿಗಳು ಅರ್ಜಿ ಹಾಕಿದ ಮೇಲೆ ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಲಾಗುತ್ತದೆ, ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಹೋಗಬಹುದು. ಬರೆದು ಕೊಟ್ಟ ಆಕ್ಷೇಪಣೆಗೆ ಕಂಪನಿ ಉತ್ತರ ಕೊಡಬೇಕು. ಕೊನೆಗೆ ಬರುವ ಆದೇಶದಲ್ಲಿ ನಮ್ಮ ಮಾತು, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ದಾಖಲಾಗುತ್ತವೆ. ಸೋತರೂ ಯಾಕೆ ಸೋತೆವು ಎಂದು ಗೊತ್ತಾಗುತ್ತದೆ, ಮುಂದಿನ ಸಲಕ್ಕೆ ಅದೇ ಬಂಡವಾಳ.

2023ರ ಮೇ 12ರ ಆದೇಶದಲ್ಲಿ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿತು. ಜೂನಿನ ಬಿಲ್ ಕೈಗೆ ಬಂದಾಗ ಎಲ್ಲರಿಗೂ ಶಾಕ್. ಹುಬ್ಬಳ್ಳಿಯ ಚೇಂಬರ್ ಜೂನ್ 22ರಂದು ಬಂದ್‌ಗೆ ಕರೆ ಕೊಟ್ಟಿತು. ಆ ಸಿಟ್ಟು ಸುಳ್ಳಲ್ಲ. ಬೀಗ ಹಾಕಿದ ತಿಂಗಳಲ್ಲೂ ಫಿಕ್ಸೆಡ್ ಚಾರ್ಜ್ ಕಟ್ಟುವ ಸಣ್ಣ ಫ್ಯಾಕ್ಟರಿಯವರ ಸಂಕಟ ನಾನು ದಿನವೂ ಕೇಳುತ್ತೇನೆ. ಆದರೆ ಆದೇಶ ಬಂದ ಮೇಲೆ ಉಳಿಯುವ ಕಾನೂನಿನ ದಾರಿ ಎರಡೇ: ಆಯೋಗಕ್ಕೇ ಮರುಪರಿಶೀಲನೆಯ ಅರ್ಜಿ, ಇಲ್ಲವೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿ. ಎರಡಕ್ಕೂ ವಕೀಲರು ಬೇಕು, ದುಡ್ಡು ಬೇಕು. ವಿಚಾರಣೆಯ ಹಂತದಲ್ಲಿ ಬೇಕಾದದ್ದು ನಾಲ್ಕು ಫ್ಯಾಕ್ಟರಿಗಳ ವರ್ಷದ ಬಿಲ್ಲು ಮತ್ತು ಲೆಕ್ಕ ಗೊತ್ತಿರುವ ಒಬ್ಬ ಮನುಷ್ಯ. ಈಗ ನಾನು ಆಕ್ಷೇಪಣೆಯ ಕೊನೆ ದಿನಾಂಕವನ್ನು ಕಮಿಟಿ ಮೀಟಿಂಗಿನ ಅಜೆಂಡಾದಲ್ಲಿ ಮೊದಲ ಸಾಲಿಗೇ ಹಾಕುತ್ತೇನೆ. (ನಿಮ್ಮೊಬ್ಬರದೇ ಬಿಲ್ ತಪ್ಪಾಗಿದ್ದರೆ ಅದು ಬೇರೆ ದಾರಿ. ಕಂಪನಿಯ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್.)

ಜಿಎಸ್‌ಟಿಯಲ್ಲಿ ಟೇಬಲ್ಲು ಇನ್ನೂ ದೂರ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ತೆರಿಗೆ ಬಂತು. ಎಪಿಎಂಸಿಯ ಧಾನ್ಯದವರು ವಾಣಿಜ್ಯ ತೆರಿಗೆ ಅಧಿಕಾರಿಗೆ ಮನವಿ ಕೊಡೋಣ ಎಂದರು. ಪಾಪ, ಆ ಅಧಿಕಾರಿ ಏನು ಮಾಡಬಲ್ಲ? ದರ ತೀರ್ಮಾನ ಆಗುವುದು ಜಿಎಸ್‌ಟಿ ಮಂಡಳಿಯಲ್ಲಿ. ಅಲ್ಲಿ ಕೇಂದ್ರಕ್ಕೆ ಮೂರನೇ ಒಂದು ಭಾಗ ಮತದ ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು ಭಾಗ, ನಿರ್ಣಯಕ್ಕೆ ಮುಕ್ಕಾಲು ಭಾಗ ಬೇಕು. ದರ ಪರಿಷ್ಕರಣೆಗೆ ಮಂಡಳಿ ಮಾಡಿದ್ದ ಮಂತ್ರಿಗಳ ತಂಡದ ಮುಖ್ಯಸ್ಥರಾಗಿ ಇದ್ದವರು ನಮ್ಮ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಹಾಗಾಗಿ ಪತ್ರ ಅವರ ಹೆಸರಿಗೆ ಹೋಯಿತು. ತೆರಿಗೆ ಹೋಗಲಿಲ್ಲ. ಆದರೆ 25 ಕಿಲೋ ಮೀರಿದ ಚೀಲಕ್ಕೆ ತೆರಿಗೆ ಇಲ್ಲ ಎಂಬ ಸ್ಪಷ್ಟನೆ ಕೇಂದ್ರದಿಂದ ಬಂದಿತ್ತು. ಅದನ್ನು ಕನ್ನಡದಲ್ಲಿ ಒಂದು ಪುಟ ಮಾಡಿ ಯಾರ್ಡಿನಲ್ಲಿ ಹಂಚಿದೆವು. ಆ ಇಡೀ ಗಲಾಟೆಯಲ್ಲಿ ನಮ್ಮವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಒಂದು ಪುಟವೇ.

ಬಾಕಿ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸಣ್ಣ ವರ್ಕ್‌ಶಾಪಿನವರನ್ನು ಮುಳುಗಿಸುವುದು ತೆರಿಗೆಯಲ್ಲ, ಇದು. ದೊಡ್ಡ ಕಂಪನಿಗೆ ಮಾಲು ಕೊಟ್ಟಿರುತ್ತಾರೆ, ಆರು ತಿಂಗಳಾದರೂ ದುಡ್ಡಿಲ್ಲ. ‘ಚೇಂಬರ್ ಕಡೆಯಿಂದ ಒಂದು ಮಾತು ಹೇಳ್ರಿ’ ಎನ್ನುತ್ತಾರೆ. ಹೇಳುತ್ತೇವೆ. ಕೆಲವೊಮ್ಮೆ ಫೋನಿನಲ್ಲೇ ಬಗೆಹರಿಯುತ್ತದೆ, ಯಾಕೆಂದರೆ ಇಬ್ಬರೂ ನಮ್ಮ ಸದಸ್ಯರು, ವಾರ್ಷಿಕ ಸಭೆಯಲ್ಲಿ ಮುಖ ನೋಡಬೇಕು. ಬಗೆಹರಿಯದಿದ್ದರೆ 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ, ಅಂದರೆ ಎಂಎಸ್‌ಎಂಇ ಕಾಯ್ದೆ ಇದೆ. ಕಿರು ಮತ್ತು ಸಣ್ಣ ಉದ್ಯಮದವರಿಗೆ ಕರಾರಿನಲ್ಲಿ ಹೇಳಿದ ದಿನದೊಳಗೆ ದುಡ್ಡು ಕೊಡಬೇಕು, ಆ ಕರಾರೂ 45 ದಿನ ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೂರು ಹೋಗುವುದು ರಾಜ್ಯದ ಸೌಲಭ್ಯ ಮಂಡಳಿಗೆ, ಆನ್‌ಲೈನಿನಲ್ಲೇ. ಮಂಡಳಿಯ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಕೊಳ್ಳುವವನು ಮೊದಲು ಶೇ. 75 ಹಣ ಠೇವಣಿ ಇಡಬೇಕು. ಈ ಸಾಲನ್ನು ಓದಿ ಹೇಳಿದಾಗ ನಮ್ಮ ಲೇತ್ ಮಷೀನಿನವರ ಮುಖ ನೋಡಬೇಕು ನೀವು!

ಆದರೆ ಇಲ್ಲೊಂದು ಗುಂಡಿ ಇದೆ. ಉದ್ಯಮ್ ನೋಂದಣಿ, ಅಂದರೆ ಇಂಥ ಉದ್ಯಮಗಳು ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇದ್ದ ಮಾತ್ರಕ್ಕೆ ಎಲ್ಲರಿಗೂ ಇದು ಸಿಗುವುದಿಲ್ಲ. 2021ರ ಜುಲೈನಿಂದ ಚಿಲ್ಲರೆ, ಸಗಟು ವ್ಯಾಪಾರಿಗಳೂ ನೋಂದಣಿ ಮಾಡಿಸಬಹುದು, ಆದರೆ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಇರುವ ಈ 45 ದಿನದ ರಕ್ಷಣೆ ಕೊಂಡು ಮಾರುವವರಿಗಿಲ್ಲ. ಸರ್ಟಿಫಿಕೇಟ್ ಹಿಡಿದುಕೊಂಡು ಬಂದ ಹಾರ್ಡ್‌ವೇರ್ ಅಂಗಡಿಯವರಿಗೆ ಇದನ್ನು ಹೇಳುವುದು ನನ್ನ ಕೆಲಸದಲ್ಲೇ ಕಷ್ಟದ್ದು. ಇನ್ನೊಂದು ಕಿವಿಮಾತು: ಮಾಲು ಕೊಡುವ ಮೊದಲೇ ನೋಂದಣಿ ಮಾಡಿಸಿ, ಇನ್‌ವಾಯ್ಸಿನ ಮೇಲೆ ಆ ನಂಬರ್ ಅಚ್ಚು ಹಾಕಿಸಿ. ನೋಂದಣಿ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಚೇಂಬರ್‌ನ ಒಂದು ಕೊರತೆಯನ್ನೂ ಹೇಳಬೇಕು. ನಮ್ಮ ಟೇಬಲ್ಲಿಗೇ ಬಾರದ ಜನ ಊರಲ್ಲಿ ಬೇಕಾದಷ್ಟಿದ್ದಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ ಇದು ಗೊತ್ತಾಯಿತು. ಬೇಕರಿ, ಬೀಡಾ ಅಂಗಡಿ, ಹಾಲಿನ ಬೂತ್, ತರಕಾರಿಯವರು ನೋಟಿಸ್ ಹಿಡಿದು ಬಂದರು. ಅವರಲ್ಲಿ ಸದಸ್ಯರು ಇರಲಿಲ್ಲ ಎಂದೇ ಹೇಳಬಹುದು. ಸದಸ್ಯರಲ್ಲದವರಿಗೆ ಸೇವೆ ಕೊಡುವುದೋ ಬೇಡವೋ ಎಂದು ಕಮಿಟಿಯಲ್ಲಿ ಸ್ವಲ್ಪ ಹೊತ್ತು ಚರ್ಚೆಯಾಯಿತು. ಕೊಡೋಣ ಎಂದಾಯಿತು. ಒಬ್ಬ ಆಡಿಟರ್ ಸಂಜೆ ಹೊತ್ತು ಬಂದು ಕೂತರು.

ಹೇಳಬೇಕಾದದ್ದು ಕಷ್ಟದ್ದೇನೂ ಅಲ್ಲ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ತಾಜಾ ತರಕಾರಿ, ಹಾಲಿನಂಥ ವಿನಾಯಿತಿ ಇರುವ ಸರಕು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ, ಆದರೆ ಅದನ್ನು ಉತ್ತರದಲ್ಲಿ ಬರೆದು, ಕೊಂಡ ಚೀಟಿ ಜೋಡಿಸಿ ಕೊಡಬೇಕು. ಖಾತೆಗೆ ಬಂದದ್ದರಲ್ಲಿ ಮಗಳ ಮದುವೆಗೆ ತಂದ ಕೈಗಡ ಎಷ್ಟು, ವ್ಯಾಪಾರದ್ದು ಎಷ್ಟು ಎಂದು ಬೇರೆ ಮಾಡಬೇಕು. ನೋಟಿಸಿಗೆ ಹೆದರಿ ಕ್ಯೂಆರ್ ಕೋಡ್ ಕಿತ್ತುಹಾಕಿದವರಿಗೆ ನೋಟಿಸಿಗೆ ಉತ್ತರ ಕೊಡಬಹುದು ಎನ್ನುವುದೇ ಗೊತ್ತಿರಲಿಲ್ಲ.

ಅದಾದ ಮೇಲೆ ಸಣ್ಣ ಅಂಗಡಿಯವರಿಗೆ ಕಡಿಮೆ ಶುಲ್ಕದ ಸದಸ್ಯತ್ವ ತೆರೆಯೋಣ ಎಂದು ಒಂದು ಟಿಪ್ಪಣಿ ಬರೆದು ಕಮಿಟಿಯ ಮುಂದೆ ಇಟ್ಟೆ. ಶುಲ್ಕದ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ವೋಟಿನ ಬಗ್ಗೆ. ಅಷ್ಟು ಜನ ಒಮ್ಮೆಲೇ ಸೇರಿದರೆ ಮುಂದಿನ ಚುನಾವಣೆಯ ಲೆಕ್ಕ ಏನಾಗುತ್ತದೆ ಎಂದು ಹಿರಿಯರೊಬ್ಬರು ಬಾಯಿಬಿಟ್ಟೇ ಕೇಳಿದರು. ‘ಸೇವೆ ಕೊಡೂಣು, ವೋಟು ಯಾಕ ಬೇಕು ಅವರಿಗೆ?’ ಎಂದು ಇನ್ನೊಬ್ಬರು. ವೋಟಿಲ್ಲದ ಸದಸ್ಯತ್ವಕ್ಕೆ ಬೈಲಾ ತಿದ್ದಬೇಕು, ವೋಟಿರುವ ಸದಸ್ಯತ್ವಕ್ಕೆ ಕಮಿಟಿಯವರ ಮನಸ್ಸು ತಿದ್ದಬೇಕು. ನನ್ನ ಟಿಪ್ಪಣಿಯಲ್ಲಿ ನಾನು ಎರಡನೆಯದನ್ನೇ ಕೇಳಿದ್ದೇನೆ. ವಿಷಯ ಮುಂದಿನ ಸಭೆಗೆ ಹೋಗಿದೆ.