ಮಕ್ಕಳ ಕೋಣೆ ಲಾರಿಗೆ ಕೊನೆಯಲ್ಲಿ ಹತ್ತಬೇಕು

ಮನೆ ಬದಲಿಸುವುದೇ ಒಂದು ತಲೆನೋವು. ಅದೇ ಮನೆಯಲ್ಲಿ ಬೇರೆಯವರ ಐದಾರು ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ನಡೆಯುತ್ತಿದ್ದರೆ, ಲಾರಿಗೆ ಹೇಳುವುದಕ್ಕಿಂತ ಮೊದಲು ಕಾಗದಪತ್ರ ತೆಗೆದು ನೋಡಬೇಕು. ನೋಂದಣಿ ಕಡ್ಡಾಯವಿರುವ ಕಡೆಗಳಲ್ಲಿ ಅದು ಸಾಮಾನ್ಯವಾಗಿ ನಡೆಸುವವರ ಹೆಸರಿನ ಜೊತೆಗೆ ವಿಳಾಸಕ್ಕೂ ಅಂಟಿಕೊಂಡಿರುತ್ತದೆ. ವಿಳಾಸ ಬದಲಾದರೆ ಮತ್ತೆ ಅರ್ಜಿ, ಮತ್ತೆ ತಪಾಸಣೆ. ವಿಮೆಯ ಕಥೆಯೂ ಅದೇ. ಬಾಡಿಗೆ ಮನೆಯಾದರೆ, ಇಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿಗೆಯಿದೆ ಎಂದು ಮಾಲೀಕರಿಂದ ಬರೆಸಿಕೊಳ್ಳಬೇಕು, ಅದೂ ಮುಂಗಡ ಕೊಡುವ ಮೊದಲೇ. ಇಲ್ಲವಾದರೆ ಸಾಮಾನೆಲ್ಲ ಇಳಿಸಿಕೊಂಡು, ವಾರಗಟ್ಟಲೆ ಕೆಲಸವಿಲ್ಲದೆ ಕೂರಬೇಕಾಗುತ್ತದೆ.

ತಂದೆತಾಯಂದಿರಿಗೆ ಎರಡು ತಿಂಗಳು ಮೊದಲೇ ತಿಳಿಸಿದರೆ ಒಳ್ಳೆಯದು. ಬಾಯಿಮಾತು ಸಾಲದು. ಹಳೆಮನೆಯಲ್ಲಿ ಕೊನೆಯ ದಿನ ಯಾವುದು, ಎಷ್ಟು ದಿನ ರಜೆ, ಹೊಸಮನೆಯಲ್ಲಿ ಶುರು ಯಾವತ್ತು ಎಂಬುದು ಚೀಟಿಯಲ್ಲಿರಲಿ. ರಜೆಯ ದಿನಗಳ ಶುಲ್ಕ ಬಿಟ್ಟುಬಿಡುವುದೇ ಲೇಸು. ಆ ಹಣದ ಆಸೆಗೆ ಮನಸ್ತಾಪ ಕಟ್ಟಿಕೊಳ್ಳುವುದರಲ್ಲಿ ಲಾಭವಿಲ್ಲ. ದೂರವಾಯಿತೆಂದು ಒಂದೆರಡು ಮಕ್ಕಳು ಬಿಟ್ಟುಹೋಗಬಹುದು. ಹೊಸ ಬಾಡಿಗೆ ಲೆಕ್ಕ ಹಾಕುವಾಗಲೇ ಅದನ್ನು ಕಳೆದು ನೋಡಿ.

ಸಾಮಾನು ಕಟ್ಟುವ ಕೆಲಸ ಮಕ್ಕಳು ಮನೆಗೆ ಹೋದ ಮೇಲೆ, ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ನಡೆಯಬೇಕು. ರಟ್ಟಿನ ಪೆಟ್ಟಿಗೆ ಕಂಡರೆ ಮಕ್ಕಳು ಹತ್ತದೆ ಬಿಡುವುದಿಲ್ಲ, ಪ್ಲಾಸ್ಟಿಕ್ ಚೀಲ ಕಂಡರೆ ತಲೆಗೆ ಹಾಕಿಕೊಳ್ಳದೆ ಬಿಡುವುದಿಲ್ಲ. ಥರ್ಮೋಕೋಲ್ ಚೂರು, ಕಳಚಿದ ಸ್ಕ್ರೂ, ಕುರ್ಚಿಕಾಲಿನ ರಬ್ಬರ್ ಬಿರಡೆ, ಹೀಗೆ ವರ್ಷಗಟ್ಟಲೆ ಬೀರುವಿನ ಅಡಿಯಲ್ಲಿ ಅಡಗಿದ್ದದ್ದೆಲ್ಲ ಆ ವಾರ ಹೊರಬರುತ್ತದೆ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ತೂರುವ ಯಾವುದೇ ವಸ್ತು ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅನುಮಾನ ಬಂದದ್ದನ್ನು ಅದರಲ್ಲಿ ಹಾಕಿ ನೋಡಿ. ಎಲ್ಲಕ್ಕಿಂತ ಹೆದರಬೇಕಾದದ್ದು ಗುಂಡಿಯಂಥ ಚಪ್ಪಟೆ ಬ್ಯಾಟರಿಗೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟುಹೋಗಬಹುದು.

ಮರದ ತೊಟ್ಟಿಲು ಬಿಚ್ಚುವುದಕ್ಕೆ ನಿಧಾನ ಬೇಕು. ಮೊದಲು ನಾಲ್ಕೂ ಮೂಲೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಸ್ಕ್ರೂ, ನಟ್ಟು, ತಿರುಗಿಸುವ ಕೀಲಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ತೊಟ್ಟಿಲಿನ ಪಟ್ಟಿಗೇ ಕಟ್ಟಿಬಿಡಿ. ಬೇರೆ ಪೆಟ್ಟಿಗೆಗೆ ಸೇರಿತೋ, ಸರಿಹೊತ್ತಿಗೆ ಸಿಗುವುದಿಲ್ಲ. ಮತ್ತೆ ಜೋಡಿಸುವಾಗ ಸ್ಕ್ರೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ ಮರದ ತೂತು ಸವೆದಿದೆ ಎಂದರ್ಥ. ಕೈಗೆ ಸಿಕ್ಕ ಬೇರೆ ಸ್ಕ್ರೂ ಹಾಕಬೇಡಿ. ಉದ್ದವಾದರೆ ತುದಿ ಹೊರಗೆ ಚುಚ್ಚುತ್ತದೆ, ಗಿಡ್ಡವಾದರೆ ಕಚ್ಚುವುದಿಲ್ಲ. ಎರಡು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ, ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಬಿಟ್ಟಿದೆಯೇ ಅಳೆಯಿರಿ. ಸಣ್ಣ ಅನುಮಾನವಿದ್ದರೂ ಮಗುವನ್ನು ಅದರಲ್ಲಿ ಮಲಗಿಸಬೇಡಿ.

ಫ್ರೀಜರಿನಲ್ಲಿರುವ ಎದೆಹಾಲನ್ನು ಕೊನೆಯ ದಿನ ಆಯಾ ತಾಯಂದಿರ ಕೈಗೇ ಕೊಟ್ಟು ಕಳಿಸಿ. ಪೂರ್ತಿ ಕರಗಿದ ಹಾಲನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ.

ಸಾಗಿಸುವ ದಿನ ಒಂದು ಮಗುವೂ ಬೇಡ. ‘ಒಂದೇ ಮಗು ತಾನೆ, ಮೂಲೆಯಲ್ಲಿ ಆಡಿಕೊಂಡಿರುತ್ತೆ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಡ್ಡಿ ಮುರಿದಂತೆ ಇಲ್ಲ ಎನ್ನಿ. ಅಂದು ಬಾಗಿಲು ತೆರೆದೇ ಇರುತ್ತದೆ, ಲಾರಿ ಹಿಂದಕ್ಕೆ ಬರುತ್ತಿರುತ್ತದೆ, ಮಗುವನ್ನು ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಲಾರಿಗೆ ಮಕ್ಕಳ ಕೋಣೆಯ ಸಾಮಾನು ಕೊನೆಯಲ್ಲಿ ಹತ್ತಲಿ. ಕೊನೆಗೆ ಹತ್ತಿದ್ದೇ ಮೊದಲು ಇಳಿಯುವುದು. ಅಡುಗೆಮನೆ ಎರಡು ದಿನ ಅಸ್ತವ್ಯಸ್ತವಾಗಿದ್ದರೂ ನಡೆದೀತು, ಈ ಕೋಣೆ ಅಂದು ಸಂಜೆಗೇ ಸಿದ್ಧವಾಗಬೇಕು.

ಹೊಸಮನೆಯನ್ನು ಮಂಡಿಯೂರಿ, ಅಂಬೆಗಾಲಿಟ್ಟು ನೋಡಿ. ನಿಂತು ನೋಡಿದರೆ ಕಾಣದ್ದು ಆಗ ಕಾಣುತ್ತದೆ: ಸಿಂಕಿನ ಕೆಳಗೆ ಹಿಂದಿನವರು ಬಿಟ್ಟುಹೋದ ಇಲಿಪಾಷಾಣ, ಬೀರುವಿನ ಮೂಲೆಯ ನುಸಿಗುಳಿಗೆ, ಕಿಟಕಿಪರದೆಯಿಂದ ಕುಣಿಕೆಯಂತೆ ಜೋತಾಡುವ ಹಗ್ಗ. ಬಾಲ್ಕನಿಯ ಕಂಬಿಗಳ ಸಂದು 10 ಸೆಂಟಿಮೀಟರ್ ಮೀರಬಾರದು. ಪುಸ್ತಕದ ಕಪಾಟು, ಬೀರುಗಳನ್ನು ಗೋಡೆಗೆ ಬಿಗಿಯದೆ ಮಕ್ಕಳನ್ನು ಒಳಗೆ ಬಿಡಬೇಡಿ. ಮಗು ಡ್ರಾಯರುಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡರೆ ಇಡೀ ಬೀರು ಮೈಮೇಲೆ ಬರುತ್ತದೆ. ನಲ್ಲಿಯ ಬಿಸಿನೀರು 49 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಮನೆ ಒರೆಸಿದ ಬಕೆಟನ್ನು ಆಗಲೇ ಬರಿದು ಮಾಡಿ. ಮಗು ಮುಳುಗಲು 5 ಸೆಂಟಿಮೀಟರ್ ನೀರು ಸಾಕು.

ಮಕ್ಕಳ ಚಾದರಗಳನ್ನು ಮಾತ್ರ ಸಾಗಿಸುವ ಹಿಂದಿನ ದಿನ ಒಗೆಯಬೇಡಿ. ಹಳೆಯ ವಾಸನೆಯಿದ್ದರೆ ಹೊಸ ಜಾಗದಲ್ಲೂ ನಿದ್ದೆ ಹತ್ತುತ್ತದೆ. ಆಟಿಕೆಗಳ ಕಪಾಟನ್ನು ಹಳೆಮನೆಯ ಫೋಟೊ ನೋಡಿಕೊಂಡು ಹಾಗೆಯೇ ಜೋಡಿಸಿ. ಹೊಸಮನೆಯೆಂದು ಹೊಸ ಚಾಪೆ ಹಾಸುವ ಹುಮ್ಮಸ್ಸು ಒಂದು ತಿಂಗಳು ತಡೆಯಲಿ. ಮೊದಲೆರಡು ದಿನ ಅರ್ಧ ಹೊತ್ತು ಸಾಕು. ಚಡ್ಡಿ ಒದ್ದೆ ಮಾಡಿಕೊಳ್ಳುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡಿಕೊಂಡರೆ ಗದರಬೇಡಿ, ಎರಡು ಜೊತೆ ಬಟ್ಟೆ ಹೆಚ್ಚಿಗೆ ಕೇಳಿಟ್ಟುಕೊಳ್ಳಿ.

ಹೊಸ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದು, ತಂದೆತಾಯಂದಿರ ನಂಬರುಗಳ ಜೊತೆಗೆ ಬಾಗಿಲ ಪಕ್ಕ ಅಂಟಿಸಿ. ಗಾಬರಿಯಲ್ಲಿ ಆಂಬುಲೆನ್ಸ್‌ಗೆ ಫೋನ್ ಮಾಡಿದಾಗ ಬಾಯಿಗೆ ಬರುವುದು ಹಳೆಮನೆಯ ವಿಳಾಸವೇ.