ಮಕ್ಕಳ ಹಡಗಿನಲ್ಲಿ ಮಕ್ಕಳಿಲ್ಲದ ನಾವಿಬ್ಬರು

ಡಿಸ್ನಿ ಕ್ರೂಸಿಗೆ ಹೊರಟಿದ್ದೇವೆ ಎಂದು ತಿಳಿಸಿದಾಗ ಊರಿನವರಿಂದಲೂ ಅಮೆರಿಕದಲ್ಲಿರುವ ಸ್ನೇಹಿತರಿಂದಲೂ ಬಂದ ಪ್ರಶ್ನೆ ಒಂದೇ ಆಗಿತ್ತು: ‘ಯಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೀರಿ?’ ನಾವು ಗಂಡ ಹೆಂಡತಿ ಇಬ್ಬರೇ, ಇಬ್ಬರೂ ನಲವತ್ತು ದಾಟಿದವರು, ನಮಗೆ ಮಕ್ಕಳಿಲ್ಲ. ನಮ್ಮ ಕಡೆಯ ಮದುವೆ, ನಾಮಕರಣಗಳಲ್ಲಿ ‘ಮಕ್ಕಳೆಷ್ಟು?’ ಎಂಬುದು ಕುಶಲೋಪರಿಯ ಭಾಗವೇ ಆಗಿರುವುದರಿಂದ ಅದಕ್ಕೆ ಉತ್ತರಿಸುವುದು ನಮಗೆ ರೂಢಿಯಾಗಿದೆ. ಆದರೂ ಮಿಕ್ಕಿ ಮೌಸಿನ ಹಡಗಿನಲ್ಲಿ ನಮ್ಮಂಥವರಿಗೆ ಏನು ಕೆಲಸ ಎಂಬ ಅಳುಕು ಒಳಗೊಳಗೇ ಇತ್ತು. ಹೋಗಿ ಬಂದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಮಕ್ಕಳನ್ನು ಮನಸ್ಸಿಟ್ಟು ನೋಡಿಕೊಳ್ಳುವ ಹಡಗಿನಲ್ಲಿ ದೊಡ್ಡವರಿಗೆ ಸಿಗುವ ನೆಮ್ಮದಿ, ಮಕ್ಕಳ ಬಗ್ಗೆ ಯೋಚಿಸದೆ ಕಟ್ಟಿದ ಜಾಗಗಳಲ್ಲಿ ಸಿಗುವುದಕ್ಕಿಂತ ಹೆಚ್ಚು. ಅದಕ್ಕೆ ಕಾರಣ ಆ ಹಡಗಿನ ರಚನೆಯಲ್ಲೇ ಇದೆ.

ನಾವು ಹತ್ತಿದ್ದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲಿನ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿನಿಂದ ಬಹಾಮಾಸ್ ಕಡೆಗೆ ಹೋಗುವ ಡಿಸ್ನಿ ಡ್ರೀಮ್ ಹಡಗನ್ನು. ಈ ಕಂಪನಿಯ ಮೊದಲ ಹಡಗು ಡಿಸ್ನಿ ಮ್ಯಾಜಿಕ್ 1998ರಲ್ಲಿಯೂ ಎರಡನೆಯದಾದ ಡಿಸ್ನಿ ವಂಡರ್ 1999ರಲ್ಲಿಯೂ ಕಡಲಿಗಿಳಿದವು; ಅವೆರಡೂ ಇಟಲಿಯಲ್ಲಿ ಕಟ್ಟಿದವು. 2011ರ ಜನವರಿಯಲ್ಲಿ ಸಂಚಾರ ಆರಂಭಿಸಿದ ಡ್ರೀಮ್ ತಯಾರಾದದ್ದು ಜರ್ಮನಿಯ ಪಾಪೆನ್‌ಬರ್ಗಿನ ಮೇಯರ್ ವೆರ್ಫ್ಟ್ ಕಾರ್ಖಾನೆಯಲ್ಲಿ. ಆ ಊರು ಸಮುದ್ರದಿಂದ ಸಾಕಷ್ಟು ಒಳಗಿರುವುದರಿಂದ, ಅಲ್ಲಿ ಕಟ್ಟಿದ ಹಡಗುಗಳನ್ನು ಎಮ್ಸ್ ಎಂಬ ಇಕ್ಕಟ್ಟಾದ ನದಿಯಲ್ಲಿ ಹಿಮ್ಮುಖವಾಗಿ, ಅಂಗುಲ ಅಂಗುಲ ಲೆಕ್ಕ ಹಾಕುತ್ತ ಕಡಲಿಗೆ ತರುತ್ತಾರೆ. 1,115 ಅಡಿ ಉದ್ದದ, 1,250 ಕ್ಯಾಬಿನ್‌ಗಳ, ಸುಮಾರು 4,000 ಪ್ರಯಾಣಿಕರು ಹಿಡಿಸುವ ಈ ಹಡಗನ್ನು ದಡದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ: ಕಡು ಬಣ್ಣದ ಒಡಲು, ಕೆಂಪು ಹೊಗೆಕೊಳವೆಗಳು, ಹಳದಿ ಜೀವರಕ್ಷಕ ದೋಣಿಗಳು. ಇಂಥ ದೋಣಿಗಳು ಸಾಮಾನ್ಯವಾಗಿ ಕಿತ್ತಳೆ ಬಣ್ಣದವು. ಮಿಕ್ಕಿಯ ಬೂಟಿನ ಹಳದಿಯೇ ಬೇಕೆಂದು ಕಂಪನಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯಿಂದ ವಿಶೇಷ ಅನುಮತಿ ಪಡೆದುಕೊಂಡಿತು. ಮಕ್ಕಳ ಕಣ್ಣಿಗೆ ಬೀಳುವ ಒಂದು ಬಣ್ಣಕ್ಕಾಗಿ ಅಷ್ಟು ಪಟ್ಟು ಹಿಡಿದವರ ಮೇಲೆ ನನಗೆ ಗೌರವವಿದೆ.

ಹೊರಡುವ ಮುನ್ನ ಸುರಕ್ಷತಾ ತಾಲೀಮು ನಡೆಯುತ್ತದೆ. ಏಳು ಕಿರು ಸದ್ದು, ಬಳಿಕ ಒಂದು ದೀರ್ಘ ಸದ್ದು ಕೇಳಿದರೆ ಪ್ರತಿಯೊಬ್ಬರೂ ತಮಗೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಸೇರಬೇಕು. 1912ರ ಟೈಟಾನಿಕ್ ದುರಂತದ ನಂತರ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳ ಮುಂದುವರಿಕೆ ಇದು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲೆ, ತಾಲೀಮು ಮುಗಿಯದೆ ಹಡಗು ಬಂದರು ಬಿಡುವಂತಿಲ್ಲ ಎಂಬ ಕಟ್ಟುನಿಟ್ಟು ಬಂತು. ತಾಲೀಮು ಮುಗಿಸಿ ಬಂದರಿನ ಕಾಲುವೆಯಲ್ಲಿ ಸಾಗುವಾಗ ದಡದ ಎತ್ತರದ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಿಂದ ಜನ ಕೈಬೀಸುತ್ತಿದ್ದರು. ಅವರಿಗೆ ಉತ್ತರವಾಗಿ ಹಡಗಿನ ಭೋಂಗಾ ಡಿಸ್ನಿ ಹಾಡಿನ ಸ್ವರಗಳನ್ನೇ ನುಡಿಸಿತು. ಡೆಕ್ಕಿನ ಮೇಲಿದ್ದ ನೂರಾರು ಮಕ್ಕಳು ಕೂಗಿದರು, ನಾವೂ ಕೂಗಿದೆವು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಹಡಗಿನಲ್ಲಿ ಮಕ್ಕಳಿಗೆ ವಯಸ್ಸಿಗೆ ತಕ್ಕ ಹಾಗೆ ಪ್ರತ್ಯೇಕ ಕ್ಲಬ್ಬುಗಳಿವೆ. ಮೂರು ವರ್ಷ ತುಂಬಿದ ಚಿಕ್ಕವರಿಗೆ ಓಷನಿಯರ್ ಕ್ಲಬ್ ಮತ್ತು ಲ್ಯಾಬ್, ಅದಕ್ಕಿಂತ ದೊಡ್ಡವರಿಗೆ ಎಡ್ಜ್, ಹದಿಹರೆಯದವರಿಗೆ ವೈಬ್. ಇವೆಲ್ಲ ಟಿಕೆಟ್ಟಿನ ದರದಲ್ಲೇ ಸೇರಿವೆ. ಹಸುಗೂಸುಗಳ ಶಿಶುವಿಹಾರಕ್ಕೆ ಮಾತ್ರ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕು. ಮಕ್ಕಳು ಒಳಗಿರುವಾಗ ಸಂಬಂಧವಿಲ್ಲದ ವಯಸ್ಕರಿಗೆ ಅಲ್ಲಿ ಪ್ರವೇಶವಿಲ್ಲ, ಇರಲೂಬಾರದು. ಎಲ್ಲರಿಗೂ ಬಾಗಿಲು ತೆರೆದಿಡುವ ನಿಗದಿತ ಹೊತ್ತಿನಲ್ಲಿ ನಾವು ನೋಡಿಬಂದೆವು. ಹೊಸ್ತಿಲಲ್ಲೇ ಕೈತೊಳೆಯುವ ಯಂತ್ರವಿದೆ: ಎರಡು ದುಂಡನೆಯ ರಂಧ್ರಗಳಲ್ಲಿ ಮಗು ಕೈ ತೂರಿಸಿದರೆ ಒಳಗೆ ಸುತ್ತಲಿನಿಂದ ಸಾಬೂನು ನೀರು ಚಿಮ್ಮುತ್ತದೆ, ಕ್ಷಣಗಳಲ್ಲಿ ಕೈ ಶುಭ್ರವಾಗುತ್ತದೆ. ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಆ ಕಚಗುಳಿಗಾಗಿಯೇ ಮತ್ತೆ ಮತ್ತೆ ಕೈ ಹಾಕುತ್ತಿದ್ದಳು, ಸಿಬ್ಬಂದಿಯ ಹೆಣ್ಣುಮಗಳು ಬೇಸರವಿಲ್ಲದೆ ಪಕ್ಕದಲ್ಲಿ ಕಾಯುತ್ತಿದ್ದಳು. ಮಗುವಿನ ಮಣಿಕಟ್ಟಿಗೆ ಕಟ್ಟುವ ಪಟ್ಟಿಯಿಂದ ಅದು ಬಂದದ್ದು, ಹೋದದ್ದು ಎರಡೂ ದಾಖಲಾಗುತ್ತವೆ. ಹೀಗೆ ಮಕ್ಕಳಿಗೆ ತಮ್ಮದೇ ಆದ, ತಾವೇ ಬಯಸಿ ಓಡಿಹೋಗುವ ಜಾಗವಿರುವುದರಿಂದ ಉಳಿದ ಹಡಗಿನಲ್ಲಿ ಬೇಸತ್ತು ರಚ್ಚೆ ಹಿಡಿದ ಮಕ್ಕಳೂ ಸುಸ್ತಾದ ತಾಯ್ತಂದೆಯರೂ ಕಡಿಮೆ. ಬೇರೆಡೆ ರೆಸಾರ್ಟುಗಳಲ್ಲಿ ನಾನು ಕಂಡಿರುವ ಗಲಾಟೆಯ ಬಹುಪಾಲು ಮಕ್ಕಳ ತಪ್ಪಲ್ಲ, ಅವರಿಗೆ ಮಾಡಲು ಏನನ್ನೂ ಕೊಡದ ದೊಡ್ಡವರ ತಪ್ಪು.

ಇದಕ್ಕೆ ಸಮನಾಗಿ ಹದಿನೆಂಟು ತುಂಬಿದವರಿಗೆ ಮಾತ್ರ ಮೀಸಲಾದ ಜಾಗಗಳೂ ಇವೆ. ಹನ್ನೊಂದನೆಯ ಡೆಕ್ಕಿನ ಮುಂಭಾಗದಲ್ಲಿ ಕ್ವಯಟ್ ಕೋವ್ ಎಂಬ ಈಜುಕೊಳ, ಅದರ ಬಳಿಯಲ್ಲೇ ಕೋವ್ ಕಫೆ. ನಾನು ಬೆಳಗಿನ ಹೊತ್ತು ಅಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಅದೇ ಡೆಕ್ಕಿನ ಮಧ್ಯಭಾಗದಲ್ಲಿ ಮಕ್ಕಳು ನೀರಾಟವಾಡುತ್ತಿದ್ದರೂ ಇಲ್ಲಿಗೆ ಅಲೆಯ ಸದ್ದಷ್ಟೇ ಕೇಳಿಸುತ್ತಿತ್ತು. ರಾತ್ರಿ ಒಂಬತ್ತರ ನಂತರ ದಿ ಡಿಸ್ಟ್ರಿಕ್ಟ್ ಎಂಬ ಭಾಗ ಪೂರ್ತಿಯಾಗಿ ವಯಸ್ಕರದಾಗುತ್ತದೆ. ಅಲ್ಲಿನ ಸ್ಕೈಲೈನ್ ಎಂಬ ಪಾನಗೃಹದ ಗೋಡೆಯ ಪರದೆಗಳಲ್ಲಿ ನ್ಯೂಯಾರ್ಕ್, ಪ್ಯಾರಿಸ್, ಹಾಂಗ್‌ಕಾಂಗ್‌ಗಳ ದೃಶ್ಯ ಒಂದಾದ ಮೇಲೊಂದರಂತೆ ಬದಲಾಗುತ್ತ, ಹೊತ್ತು ಸರಿದಂತೆ ಆ ಊರುಗಳಲ್ಲೂ ಕತ್ತಲಾಗುತ್ತದೆ. ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೊ ಇರುವುದಿಲ್ಲ. ಉಳಿದ ಅನೇಕ ಕ್ರೂಸುಗಳಲ್ಲಿ ನಡುಮನೆಯಂಥ ಜಾಗವನ್ನೇ ಜೂಜಿನ ಯಂತ್ರಗಳು ಆಕ್ರಮಿಸಿ, ಊಟಕ್ಕೆ ಹೋಗುವವರು ಆ ಸದ್ದು, ಹೊಗೆಗಳ ನಡುವೆಯೇ ಹಾದುಹೋಗಬೇಕಾಗುತ್ತದೆ. ಮಕ್ಕಳ ಹಿತಕ್ಕಾಗಿ ಬಿಟ್ಟ ಈ ಒಂದು ವ್ಯಾಪಾರದಿಂದ ನನಗೆ ಸಿಕ್ಕ ಸುಖ ಕಡಿಮೆಯದಲ್ಲ.

ಊಟದ ಏರ್ಪಾಡನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೂರು ಮುಖ್ಯ ಭೋಜನಶಾಲೆಗಳಲ್ಲಿ ಪ್ರಯಾಣಿಕರು ದಿನಕ್ಕೊಂದರಂತೆ ಸರದಿಯಲ್ಲಿ ಊಟ ಮಾಡುತ್ತಾರೆ, ಅವರ ಜೊತೆಗೆ ಬಡಿಸುವವರೂ ಬದಲಾಗದೆ ಬರುತ್ತಾರೆ. ಸಂಜೆಯ ಮೊದಲ ಪಂಕ್ತಿ, ರಾತ್ರಿಯ ಎರಡನೆಯ ಪಂಕ್ತಿ ಎಂದು ಎರಡು ಹೊತ್ತು. ನಮ್ಮಂಥವರು ಎರಡನೆಯದನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಹೊತ್ತಿಗೆ ಒಂದು ಚೆಂದದ ವ್ಯವಸ್ಥೆಯಿದೆ: ಮಕ್ಕಳಿಗೆ ಮೊದಲು ಬಡಿಸಿ, ಅವರ ಊಟ ಮುಗಿಯುತ್ತಲೇ ಕ್ಲಬ್ಬಿನ ಸಿಬ್ಬಂದಿ ಭೋಜನಶಾಲೆಯ ಬಾಗಿಲಿಗೇ ಬಂದು ಅವರನ್ನು ಆಟಕ್ಕೆ ಕರೆದೊಯ್ಯುತ್ತಾರೆ. ಆಮೇಲೆ ತಾಯ್ತಂದೆಯರು ನಿಧಾನವಾಗಿ ಊಟ ಮಾಡುತ್ತ ಮಾತಾಡಿಕೊಳ್ಳುವುದನ್ನು ಪಕ್ಕದ ಮೇಜಿನಿಂದ ನೋಡುವುದೇ ನನಗೆ ಸಂತೋಷವಾಗಿತ್ತು. ನಮ್ಮನ್ನು ಕೂರಿಸಿದ್ದು, ಮಕ್ಕಳೆಲ್ಲ ದೊಡ್ಡವರಾಗಿ ಬೇರೆ ಬೇರೆ ಊರುಗಳಲ್ಲಿ ನೆಲೆಸಿರುವ ನಿವೃತ್ತ ದಂಪತಿಯ ಜೊತೆ. ಅವರು ವರ್ಷ ವರ್ಷವೂ ಹೀಗೆ ಇಬ್ಬರೇ ಬರುವವರಂತೆ. ನಮಗೆ ಮಕ್ಕಳಿದ್ದಾರೆಯೇ ಎಂದು ಅವರು ಕೊನೆಯವರೆಗೂ ಕೇಳಲಿಲ್ಲ, ಹಡಗಿನಲ್ಲಿ ಬೇರೆ ಯಾರೂ ಕೇಳಲಿಲ್ಲ.

ಎನ್‌ಚಾಂಟೆಡ್ ಗಾರ್ಡನ್ ಎಂಬ ಭೋಜನಶಾಲೆಯಲ್ಲಿ ಊಟ ಸಾಗುತ್ತಿದ್ದಂತೆ ಹಗಲಿನ ಬೆಳಕು ಸಂಜೆಯಾಗಿ, ಚಾವಣಿಯ ಹೂದೀಪಗಳು ಅರಳಿ ರಾತ್ರಿಯಾಗುತ್ತದೆ. ಅನಿಮೇಟರ್ಸ್ ಪ್ಯಾಲೆಟ್‌ನಲ್ಲಿ ಗೋಡೆಯ ಪರದೆಗಳು ಸಮುದ್ರದ ತಳವಾಗುತ್ತವೆ, ‘ಫೈಂಡಿಂಗ್ ನೀಮೊ’ ಚಿತ್ರದ ಕ್ರಶ್ ಎಂಬ ಮುದಿ ಕಡಲಾಮೆ ಪರದೆಯ ಮೇಲೆ ಮೇಜಿನಿಂದ ಮೇಜಿಗೆ ಈಜಿ ಬಂದು ಅಲ್ಲಿ ಕುಳಿತವರೊಡನೆ ನಿಜವಾಗಿಯೇ ಸಂಭಾಷಣೆ ನಡೆಸುತ್ತದೆ, ಅವರು ಹೇಳಿದ್ದಕ್ಕೆ ತಕ್ಕ ಉತ್ತರ ಕೊಡುತ್ತದೆ. ಅದು ನಮ್ಮ ಮೇಜಿನ ಬಳಿ ಬಂದು ನನ್ನ ಪತಿಯನ್ನು ಯಾವ ಸಾಗರದಿಂದ ಬಂದೆ ಎಂದು ಕೇಳಿತು. ತೀರ್ಥಹಳ್ಳಿಯಲ್ಲಿ ಹುಟ್ಟಿ ತುಂಗೆಯಲ್ಲಿ ಈಜು ಕಲಿತ ಅವರು, ತಾನು ಬಂದದ್ದು ನದಿಯಿಂದ ಎಂದು ಗಂಭೀರವಾಗಿ ಉತ್ತರಿಸಿದರು. ಹಾಗಾದರೆ ಸಿಹಿನೀರಿನ ಬಂಧು ನೀನು ಎಂದು ಆಮೆ ಬರಮಾಡಿಕೊಂಡಿತು.

ನಮ್ಮ ಮೇಜಿಗೆ ಬಡಿಸುತ್ತಿದ್ದ ಯುವಕ ಕುಂದಾಪುರದ ಕಡೆಯವನು. ಸಿಬ್ಬಂದಿಯ ಎದೆಯ ಬಿಲ್ಲೆಯಲ್ಲಿ ಹೆಸರಿನ ಜೊತೆಗೆ ದೇಶದ ಹೆಸರೂ ಇರುತ್ತದೆ. ಆದರೆ ಅವನು ಗುರುತಿಸಿದ್ದು ನಾವಿಬ್ಬರು ಮೆನು ನೋಡುತ್ತ ಆಡಿದ ಮಾತಿನಿಂದ. ‘ಅನ್ನ ತಿನ್ನದೆ ಎಷ್ಟು ದಿನ ಆಯ್ತು ನಿಮಗೆ?’ ಎಂದು ಕೇಳಿ, ಮರುದಿನದಿಂದ ಮುಖ್ಯಸ್ಥರಿಗೆ ಹೇಳಿ ಬೇಳೆ, ಜೀರಿಗೆ ಅನ್ನ, ಎರಡು ಬಗೆಯ ಪಲ್ಯ ಮಾಡಿಸಿ ತಂದ. ಸಸ್ಯಾಹಾರಿಗಳಿಗೆ ಇದೊಂದು ಉಪಯುಕ್ತ ಮಾಹಿತಿ: ಮೆನುವಿನಲ್ಲಿ ಇಲ್ಲದಿದ್ದರೂ ಹಿಂದಿನ ದಿನವೇ ಕೇಳಿಕೊಂಡರೆ ಅಡುಗೆಮನೆಯವರು ಭಾರತೀಯ ಊಟ ಸಿದ್ಧಪಡಿಸುತ್ತಾರೆ. ತಿಂಗಳುಗಟ್ಟಲೆ ಕಡಲಿನಲ್ಲೇ ದುಡಿದು ಊರಿಗೆ ಹಣ ಕಳಿಸುವ ಆ ಹುಡುಗನ ಮನೆಯಲ್ಲಿ ಪುಟ್ಟ ಮಗಳಿದ್ದಾಳೆ. ಇಡೀ ಹಡಗಿನ ಮಕ್ಕಳನ್ನು ನಗಿಸುತ್ತಿದ್ದ ಅವನು ಆ ಮಾತು ಬಂದಾಗ ಮಾತ್ರ ಒಂದು ಕ್ಷಣ ತಟ್ಟೆ ಜೋಡಿಸುವುದನ್ನು ನಿಲ್ಲಿಸಿದ. ಕುಟುಂಬಗಳ ಸಂತೋಷಕ್ಕೆಂದು ನಡೆಯುವ ಹಡಗನ್ನು ನಡೆಸುವವರೆಲ್ಲ ಕುಟುಂಬದಿಂದ ದೂರ ಇರುವವರು ಎಂಬುದನ್ನು ನಮ್ಮಂಥ ಪ್ರಯಾಣಿಕರು ಮರೆಯಬಾರದು; ಕೊನೆಯ ರಾತ್ರಿಯ ಭಕ್ಷೀಸಿನಲ್ಲಿ ಕೈ ಬಿಗಿ ಹಿಡಿಯಬಾರದು.

ದಾರಿಯಲ್ಲಿ ನಮ್ಮ ಹಡಗು ನಿಂತ ಕ್ಯಾಸ್ಟಅವೇ ಕೇ ದ್ವೀಪದ ಬಗ್ಗೆ ನಾನು ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿತ್ತು. ಅಬಾಕೊ ದ್ವೀಪಗಳ ಬಳಿಯಿರುವ ಇದರ ಹಳೆಯ ಹೆಸರು ಗೋರ್ಡಾ ಕೇ. ಒಂದು ಕಾಲದಲ್ಲಿ ಮಾದಕ ವಸ್ತುಗಳ ಕಳ್ಳಸಾಗಣೆದಾರರು ಇಲ್ಲಿನ ವಿಮಾನಪಥವನ್ನು ಬಳಸುತ್ತಿದ್ದರು. ಡಿಸ್ನಿ ಈ ದ್ವೀಪವನ್ನು ಬಹಾಮಾಸ್ ಸರ್ಕಾರದಿಂದ 99 ವರ್ಷಗಳ ಗುತ್ತಿಗೆಗೆ ಪಡೆದು, ಹಡಗು ನೇರವಾಗಿ ದಡಕ್ಕೇ ಬಂದು ನಿಲ್ಲುವಂತೆ ಕಡಲತಳವನ್ನು ಆಳವಾಗಿಸಿತು. ಕುಟುಂಬಗಳ ಕಡಲತೀರವನ್ನು ದಾಟಿ, ಆ ಹಳೆಯ ವಿಮಾನಪಥದ ಗುಂಟ ಟ್ರಾಮಿನಲ್ಲಿ ಸಾಗಿದರೆ ವಯಸ್ಕರಿಗೆ ಮೀಸಲಾದ ಸೆರೆನಿಟಿ ಬೇ ಸಿಗುತ್ತದೆ. ಮರವಂತೆಯಲ್ಲೋ ಮಲ್ಪೆಯಲ್ಲೋ ಕಡಲು ಕಂಡು ಬೆಳೆದವರಿಗೆ ಅಲ್ಲಿನ ನೀರಿನ ತಿಳಿ ಬೇರೆಯೇ ಅನುಭವ. ಎದೆಮಟ್ಟದ ನೀರಿನಲ್ಲಿ ನಿಂತು ಪಾದದ ಬೆರಳುಗಳನ್ನು ಎಣಿಸಬಹುದು. ನಾವು ಅರ್ಧ ದಿನ ಅಲ್ಲಿದ್ದೆವು. ಆಮೇಲೆ ನನಗೇ ಬೇಕೆನಿಸಿ ಕುಟುಂಬಗಳ ತೀರಕ್ಕೆ ಮರಳಿ, ಮರಳಿನ ಕೋಟೆ ಕಟ್ಟುವವರ ನಡುವೆ ಚಾಪೆ ಹಾಸಿದೆವು. ಬೇಕೆಂದಾಗ ಮಕ್ಕಳ ನಡುವೆ, ಬೇಡವೆಂದಾಗ ದೂರ ಎಂಬ ಸ್ವಾತಂತ್ರ್ಯ ಬಂಧುಬಳಗದ ಸಮಾರಂಭಗಳಲ್ಲಿ ನಮಗೆ ಎಂದೂ ಸಿಕ್ಕಿದ್ದಲ್ಲ.

ಮಿಕ್ಕಿ, ಡೊನಾಲ್ಡ್‌ರ ಜೊತೆ ಫೋಟೋ ತೆಗೆಸಿಕೊಳ್ಳಲು ಮಕ್ಕಳ ಸಾಲಿನಲ್ಲಿ ನಿಲ್ಲುವುದೇ ಎಂಬ ಸಂಕೋಚ ಬಿಡುವುದಕ್ಕೆ ನನಗೆ ಹೊತ್ತು ಹಿಡಿಯಲಿಲ್ಲ. ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಡಿಸ್ನಿ ಕಾರ್ಟೂನುಗಳನ್ನು ಪಕ್ಕದ ಮನೆಯ ಟಿ.ವಿ. ಮುಂದೆ ನೆಲದಲ್ಲಿ ಕುಳಿತು, ಅರ್ಧ ಭಾಷೆ ಅರ್ಥವಾಗದೆಯೂ ನೋಡಿದ ತಲೆಮಾರು ನಮ್ಮದು. ಹಡಗಿನ ನಡುಹಜಾರದಲ್ಲಿ ನೌಕಾಧಿಪತಿಯ ಉಡುಪಿನ ಡೊನಾಲ್ಡನ ಕಂಚಿನ ಪ್ರತಿಮೆ ಇದೆ. ಅದರ ಪಕ್ಕ ನಿಲ್ಲಲು ಯಾರಿಗೂ ಮಗುವಿನ ನೆಪ ಬೇಕಿಲ್ಲ.

ಈ ಹಡಗುಗಳಲ್ಲಿ ಪ್ರಯಾಣಿಕರೇ ಬೆಳೆಸಿಕೊಂಡ ಒಂದು ಪದ್ಧತಿಯಿದೆ. ಪ್ರತಿ ಕ್ಯಾಬಿನ್ನಿನ ಬಾಗಿಲ ಬಳಿ ಕಡಲಜೀವಿಯ ಆಕಾರದ ಪುಟ್ಟ ಲೋಹದ ಕೊಕ್ಕೆ ಇರುತ್ತದೆ, ಅದಕ್ಕೆ ಜನ ಬಟ್ಟೆಯ ಜೇಬುಗಳ ಚೀಲ ತೂಗುಹಾಕುತ್ತಾರೆ, ಮೊದಲೇ ಹೆಸರು ಕೊಟ್ಟ ಕುಟುಂಬಗಳು ಒಬ್ಬರ ಚೀಲದಲ್ಲಿ ಇನ್ನೊಬ್ಬರು ಸಣ್ಣಪುಟ್ಟ ಉಡುಗೊರೆ ಇಟ್ಟುಹೋಗುತ್ತಾರೆ. ನಾನು ಊರಿಗೆ ಹೋದಾಗ ಚನ್ನಪಟ್ಟಣದಿಂದ ತಂದಿದ್ದ ಅರಗಿನ ಬಣ್ಣದ ಪುಟ್ಟ ಬುಗುರಿಗಳನ್ನು, ಅವು ಎಲ್ಲಿ, ಯಾವ ಮರದಿಂದ ತಯಾರಾಗುತ್ತವೆ ಎಂಬ ಚೀಟಿಯೊಡನೆ ಇಟ್ಟೆ. ಮರುದಿನ ಮೆಟ್ಟಿಲ ಬಳಿಯ ನುಣುಪು ನೆಲದಲ್ಲಿ ಮೂವರು ಹುಡುಗರು ಅವನ್ನು ತಿರುಗಿಸಿ ಪಂದ್ಯ ಹೂಡಿದ್ದರು. ಕೆಂಪು ಬುಗುರಿ ಹಳದಿಯದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದೇಕೆ ಎಂದು ಅವರಲ್ಲಿ ವಾದ ನಡೆದಿತ್ತು. ಮೊಳೆ ಹೇಗೆ ನೇರವಾಗಿರಬೇಕು ಎಂದು ನನ್ನ ಪತಿ ಅಲ್ಲೇ ನೆಲದಲ್ಲಿ ಕುಳಿತು ತೋರಿಸಿಕೊಟ್ಟರು.

ಹೋಗಬೇಕೆನ್ನುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಇದು ದುಬಾರಿ. ಒಂದು ಕ್ಯಾಬಿನ್ನಿಗೆ ಇಬ್ಬರೆಂಬ ಲೆಕ್ಕದಲ್ಲಿ ದರ ಇರುವುದರಿಂದ ಒಬ್ಬರೇ ಹೋದರೂ ಹೆಚ್ಚುಕಡಿಮೆ ಇಬ್ಬರ ಹಣ ತೆರಬೇಕು. ಆದರೆ ಶಾಲೆಯ ರಜೆಗೆ ಕಟ್ಟುಬೀಳದ ನಮ್ಮಂಥವರಿಗೆ ಒಂದು ಅನುಕೂಲವಿದೆ: ಜನವರಿಯ ಕೊನೆ, ಫೆಬ್ರವರಿಯ ಮೊದಲ ವಾರಗಳು ಅಥವಾ ಸೆಪ್ಟೆಂಬರಿನಲ್ಲಿ ದರವೂ ಜನಸಂದಣಿಯೂ ಇಳಿದಿರುತ್ತವೆ. ಸೆಪ್ಟೆಂಬರ್ ಆರಿಸುವವರು, ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕಿನಲ್ಲಿ ಚಂಡಮಾರುತದ ಋತು ಎಂಬುದನ್ನು ನೆನಪಿಡಬೇಕು. ಮಾರ್ಗ ಬದಲಾದರೆ ದ್ವೀಪವೇ ತಪ್ಪಬಹುದು. ಅಮೆರಿಕದ ಪ್ರಜೆಗಳು ಇಂಥ ಪ್ರಯಾಣಕ್ಕೆ ಜನನ ಪ್ರಮಾಣಪತ್ರ ಮತ್ತು ಗುರುತಿನ ಚೀಟಿಯಲ್ಲೇ ಹೋಗಿಬರಬಹುದು, ಆದರೆ ಆ ಸಡಿಲಿಕೆ ಭಾರತೀಯ ಪಾಸ್‌ಪೋರ್ಟಿನವರಿಗಿಲ್ಲ. ಹಡಗು ಅಮೆರಿಕ ಬಿಟ್ಟು ಮರಳಿ ಪ್ರವೇಶಿಸುತ್ತದೆ. ಆದ್ದರಿಂದ ಕೆಲಸದ ವೀಸಾದಲ್ಲಿರುವವರು ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿಯನ್ನು ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಲಿ. ಮಕ್ಕಳ ನಗು, ಅಳು, ಓಟ ಕಿವಿಗೆ ಬಿದ್ದರೇ ಸಹಿಸಲಾಗದವರು ಬೇರೆ ಹಡಗು ಹುಡುಕಿಕೊಳ್ಳುವುದು ಮೇಲು, ವಯಸ್ಕರಿಗೇ ಮೀಸಲಾದ ಕ್ರೂಸುಗಳೂ ಇವೆ. ನಾವಂತೂ ಮುಂದಿನ ಸಲ ಪೆಸಿಫಿಕ್ ತೀರದಿಂದ ಅಲಾಸ್ಕಕ್ಕೆ ಹೋಗುವ ವಂಡರ್ ಹಡಗಿನ ದರ ನೋಡುತ್ತಿದ್ದೇವೆ, ಇಬ್ಬರಿಗೇ.