ಪೊಲೀಸರಿರುವಾಗ ನಡುವೆ ನಿಮ್ಮದೇನು ಕೆಲಸ?

ಅಪರಾಧಕ್ಕೆ ತುತ್ತಾದವರಿಗೆ ನೆರವಾಗುವ ಹಾಸನದ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ನಾನು ಸಂಬಳವಿಲ್ಲದೆ ಕೆಲಸ ಮಾಡುತ್ತೇನೆ. ಇದು ತಿಳಿದ ಕೂಡಲೇ, ಮದುವೆಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಎದುರಾಗುವ ಪ್ರಶ್ನೆ ಒಂದೇ: “ಪೊಲೀಸರಿದ್ದಾರೆ, ಕೋರ್ಟಿದೆ, ನಡುವೆ ನಿಮ್ಮದೇನು ಕೆಲಸ?” ಹೇಳಿ ಹೇಳಿ ಸಾಕಾಗಿರುವುದರಿಂದ ಬರೆಯುತ್ತಿದ್ದೇನೆ.

ನನ್ನನ್ನು ಕೆರಳಿಸುವುದು ಆ “ನಡುವೆ” ಎಂಬ ಮಾತು. ನಾವು ರಾಜಿ ಮಾಡಿಸುವವರಲ್ಲ, ವಕೀಲರೂ ಅಲ್ಲ. ಯಾರಿಂದಲೂ ಒಂದು ರೂಪಾಯಿ ಪಡೆಯುವುದಿಲ್ಲ. ಪೊಲೀಸರ ಗಮನ ಕಳ್ಳನ ಮೇಲಿರುತ್ತದೆ, ಇರಲೇಬೇಕು. ಆದರೆ ಏಟು ತಿಂದವರು ದೂರು ಬರೆಸಿ ಮನೆಗೆ ಹೋದ ಮೇಲೆ ಅವರ ಪಾಡೇನಾಯಿತೆಂದು ನೋಡುವವರು ಬೇಡವೇ?

ಆಲೂರು ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ನಸುಕಿನಲ್ಲಿ ಡೇರಿಗೆ ಹಾಲು ಹಾಕಲು ಹೊರಟಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಸರ ಕಿತ್ತುಕೊಂಡು ಹೋದರು. ಬಿದ್ದ ರಭಸಕ್ಕೆ ಅಜ್ಜಿಯ ಎಡಗೈ ಮಣಿಕಟ್ಟು ಮುರಿಯಿತು. ನಾನು ಹೋದಾಗ ಅವರು ಜಗಲಿಯ ಮೇಲೆ ಕುಳಿತು, ಬಲಗೈಯನ್ನು ಬರಿಗತ್ತಿನ ಮೇಲೆ, ಸರ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ ಇಟ್ಟುಕೊಂಡಿದ್ದರು. ನೋಡಲು ಬಂದ ಪ್ರತಿಯೊಬ್ಬರೂ “ಕತ್ತಲಲ್ಲಿ ಒಬ್ಬಳೇ ಯಾಕೆ ಹೋದೆ?” ಎಂದು ಕೇಳಿದ್ದರಂತೆ. ತಪ್ಪು ತನ್ನದೇ ಎಂದು ಅವರೂ ನಂಬಿಬಿಟ್ಟಿದ್ದರು. “ಸರ ಹೋದ್ರೆ ಹೋಗ್ಲಿ ಮಗಾ, ಡೇರಿ ದಾರಿ ನೆನೆಸ್ಕೊಂಡ್ರೇ ಎದೆ ನಡುಗ್ತದೆ” ಎಂದರು. ಮನೆಯಲ್ಲಿ ಎರಡು ಹಸುಗಳಿದ್ದವು, ಹಾಲೇ ಜೀವನ.

ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ತಿಳಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಅಪರಾಧಗಳ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂಬ ಹೊಸ ಕಾನೂನು, ಹೇಳುತ್ತದೆ. ಅಜ್ಜಿಯ ಬಳಿ ಪ್ರತಿ ಇರಲಿಲ್ಲ, ಕೇಳಬಹುದೆಂಬುದೂ ಗೊತ್ತಿರಲಿಲ್ಲ. ಮರುದಿನ ಜೊತೆಗೆ ಹೋಗಿ ಪಡೆದುಕೊಂಡೆವು. ಠಾಣೆಯಲ್ಲಿ ನಾನು ಮಾಡಿದ್ದು ಅವರ ಪಕ್ಕದಲ್ಲಿ ಕುಳಿತದ್ದು, ಬರೆದದ್ದನ್ನು ನಿಧಾನವಾಗಿ ಓದಿ ಹೇಳಿದ್ದು, ಅಷ್ಟೇ.

“ಸಮಾಧಾನ ಹೇಳಿದರೆ ಸರ ಬರುತ್ತದೆಯೇ?” ಎಂದು ಕೇಳುವವರೂ ಇದ್ದಾರೆ. ಬರುವುದಿಲ್ಲ. ಅದಕ್ಕಿಂತ, ಕಳ್ಳ ಸಿಗದೇ ಹೋದರೆ ಆಕೆಗೇನು ದಾರಿ ಎಂದು ಯಾರಾದರೂ ಕೇಳಬಾರದೇ ಎಂದು ನಾನು ಕಾಯುತ್ತಿರುತ್ತೇನೆ, ಏಕೆಂದರೆ ಅದಕ್ಕೆ ಉತ್ತರವಿದೆ. ಅಪರಾಧಿ ಪತ್ತೆಯಾಗದಿದ್ದರೂ, ಕೋರ್ಟಿನಲ್ಲಿ ವಿಚಾರಣೆಯೇ ನಡೆಯದಿದ್ದರೂ, ನಷ್ಟಕ್ಕೋ ಗಾಯಕ್ಕೋ ಒಳಗಾಗಿ ಪುನರ್ವಸತಿ ಬೇಕಾದವರು ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 357ಎ ಕಲಂ ಆಗಿತ್ತು; 2024ರ ಜುಲೈ 1ರಿಂದ ಹೊಸ ಸಂಹಿತೆಯ 396ನೇ ಕಲಂ ಆಗಿದೆ. ಪ್ರಾಧಿಕಾರವು ಎರಡು ತಿಂಗಳೊಳಗೆ ಅರ್ಜಿಯ ವಿಚಾರಣೆ ಮುಗಿಸಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ಇಷ್ಟೆಲ್ಲ ಕಾನೂನಿನಲ್ಲಿದ್ದರೂ, ಕೈ ಮುರಿದುಕೊಂಡು ಜಗಲಿಯಲ್ಲಿ ಕುಳಿತವರಿಗೆ ಅದನ್ನು ಹೋಗಿ ಹೇಳುವವರು ಬೇಕು. ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಇವನ್ನೆಲ್ಲ ಜೋಡಿಸಿ ನಾವು ಅಜ್ಜಿಯ ಅರ್ಜಿ ಹಾಕಿದೆವು.

ಅರ್ಜಿಗಿಂತ ಕಷ್ಟವಾದದ್ದು ಡೇರಿಯ ದಾರಿ. ಎಂಟು ದಿನ ನಮ್ಮಲ್ಲಿ ಒಬ್ಬರು ಸರದಿಯಂತೆ ನಸುಕಿಗೇ ಹೋಗಿ ಹಾಲಿನ ಕ್ಯಾನು ಹಿಡಿದು ಅವರ ಜೊತೆ ನಡೆದೆವು. ಬೈಕಿನ ಸದ್ದು ಕೇಳಿದರೆ ಅವರು ನಿಂತುಬಿಡುತ್ತಿದ್ದರು, ನಾವೂ ನಿಲ್ಲುತ್ತಿದ್ದೆವು. ಒಂಬತ್ತನೆಯ ದಿನ ಕ್ಯಾನನ್ನು ನನ್ನ ಕೈಯಿಂದ ತೆಗೆದುಕೊಂಡು, “ಹೊಂಗೆಮರದ ತನಕ ಬಾ, ಸಾಕು” ಎಂದರು. ನಾನು ಮರದ ಕೆಳಗೆ ನಿಂತು, ಅವರು ಡೇರಿಯ ದೀಪದ ಬೆಳಕು ಸೇರುವವರೆಗೂ ನೋಡುತ್ತಿದ್ದೆ.